ಹೊಡೆತ ಎಲ್ಲಿದೆ?

ನದಿ ದಂಡೆಯಲ್ಲಿ ಗುರುಗಳು ಇರುವುದು ವಾಡಿಕೆ. ತುಂಗಭದ್ರೆಯ ದಂಡೆಯಲ್ಲೂ ಒಬ್ಬರಿದ್ದರು. ಅಲ್ಲಿ ಪರ್ಣಕುಟಿ ಇರಲಿಲ್ಲ, ತಗಡಿನ ಶೆಡ್ಡು ಇತ್ತು. ಹೋಮದ ಹೊಗೆ ಇರಲಿಲ್ಲ, ಸೀಮೆಎಣ್ಣೆಯ ವಾಸನೆ ಇತ್ತು.

ಗುರುವಿನ ಹೆಸರು ಜೈತುನಬಿ. ಸಿನಿಮಾ ಪೋಸ್ಟರ್ ಮುದ್ರಿಸುವುದು ಅವರ ಕಸುಬು. ಊರವರು ಉಸ್ತಾದಮ್ಮ ಎಂದು ಕರೆಯುತ್ತಿದ್ದರು. ಹಾಗೆ ಕರೆದರೆ ಅವರು ತಿರುಗಿ ನೋಡುತ್ತಿರಲಿಲ್ಲ. ಬೇರೆ ಏನೆಂದು ಕರೆದರೂ ನೋಡುತ್ತಿರಲಿಲ್ಲ.

ಶಿಷ್ಯನ ಹೆಸರು ಮೈಲಾರಿ. ಅವನಿಗೆ ಮೀಸೆ ಬಂದು, ಮದುವೆಯಾಗಿ, ಆ ಮೀಸೆಯಲ್ಲಿ ಅಲ್ಲೊಂದು ಇಲ್ಲೊಂದು ಬೆಳ್ಳಿಕೂದಲು ಇಣುಕತೊಡಗಿದ್ದರೂ ಅವನಿನ್ನೂ ಶಿಷ್ಯನೇ. ಕಾರಣ, ಅವನಿಗೆ ಕಪ್ಪು ಸಿಕ್ಕಿರಲಿಲ್ಲ.

ಬೇರೆ ಆಶ್ರಮಗಳಲ್ಲಿ ಕಿವಿಯಲ್ಲಿ ಮಂತ್ರ ಹೇಳುತ್ತಾರೆ. ಈ ಶೆಡ್ಡಿನಲ್ಲಿ ಬಣ್ಣ ಕೊಡುತ್ತಿದ್ದರು.

ಒಂದು ಬಣ್ಣಕ್ಕೆ ಒಂದು ಚೌಕಟ್ಟು. ಚೌಕಟ್ಟಿಗೆ ಬಿಗಿದ ಜಾಲರಿ ಬಟ್ಟೆ. ಬಟ್ಟೆಯ ಮೇಲೆ ಬಣ್ಣ ಸುರಿದು, ಸ್ಕ್ವೀಜಿ ಎಂಬ ರಬ್ಬರ್ ಪಟ್ಟಿಯಿಂದ ಒಮ್ಮೆ ಎಳೆದರೆ ಕೆಳಗಿನ ಹಾಳೆಗೆ ಚಿತ್ರ ಇಳಿಯುತ್ತದೆ. ಮೊದಲು ಹಳದಿ. ಅದು ಒಣಗಿದ ಮೇಲೆ ಕೆಂಪು. ಆಮೇಲೆ ನೀಲಿ. ಎಲ್ಲ ಮುಗಿದ ಮೇಲೆ ಕಪ್ಪು.

ಕಪ್ಪು ಬೀಳುವ ತನಕ ಹಾಳೆಯ ಮೇಲೆ ಇರುವುದು ಬರೀ ಕಲೆಗಳು. ಯಾರೋ ಸಾರು ಚೆಲ್ಲಿ ಒರೆಸದೆ ಎದ್ದುಹೋದ ಹಾಗೆ. ಕಪ್ಪು ಬಿತ್ತೆಂದರೆ ಆ ಕಲೆಗಳೊಳಗಿಂದ ಒಬ್ಬ ಮನುಷ್ಯ ಎದ್ದು ಬಂದು ನಿಮ್ಮನ್ನೇ ದಿಟ್ಟಿಸುತ್ತಾನೆ.

ಮೈಲಾರಿಗೆ ಹಳದಿ ಸಿಕ್ಕಿತ್ತು, ಕೆಂಪು ಸಿಕ್ಕಿತ್ತು, ನೀಲಿಯೂ ಸಿಕ್ಕಿತ್ತು. ಕಪ್ಪನ್ನು ಮಾತ್ರ ಉಸ್ತಾದಮ್ಮನೇ ಎಳೆಯುತ್ತಿದ್ದರು. ಅವರು ಎಳೆಯುವಾಗ ಮೈಲಾರಿ ಪಕ್ಕದಲ್ಲಿ ಕೈಕಟ್ಟಿ ನಿಲ್ಲುತ್ತಿದ್ದ. ಎಷ್ಟು ಸಲ ನೋಡಿದರೂ ಮನುಷ್ಯ ಏಳುವ ಆ ಗಳಿಗೆಗೆ ಅವನ ಮೈ ಜುಮ್ಮೆನ್ನುತ್ತಿತ್ತು.

"ಅಮ್ಮ, ನನಗೆ ಕಪ್ಪು ಯಾವಾಗ?" ಎಂದು ಅವನು ಆಗಾಗ ಕೇಳುತ್ತಿದ್ದ.

"ತಲೆಗೆ ಹಚ್ಕೊಳ್ಳೋಕಾ?" ಎಂದು ಉಸ್ತಾದಮ್ಮ ಆಗಾಗ ಹೇಳುತ್ತಿದ್ದರು.

ಹೀಗಿರಲು ನಿರ್ಮಾಪಕ ಪಂಪನಗೌಡರು ಶೆಡ್ಡಿಗೆ ಬಂದರು. ಗೌಡರಿಗೆ ಮೊದಲು ಅಕ್ಕಿ ಗಿರಣಿ ಇತ್ತು. ಈಗ ಒಂದು ಸಿನಿಮಾ ಇತ್ತು. ಅದರ ಹೆಸರು 'ಒದ್ದು ಬಂದ ಒಡೆಯ'.

"ಫೈಟಿಂಗ್ ಪಿಚ್ಚರ್ ಉಸ್ತಾದಮ್ಮ," ಎಂದರು ಗೌಡರು. "ಕಥೆ ಐತೆ. ಆದ್ರೆ ಫೈಟಿಂಗಿಗೆ ಎಲ್ಲೂ ಅಡ್ಡ ಬರಲ್ಲ."

"ಒಳ್ಳೇದು."

"ಪೋಸ್ಟರ್ ಹೆಂಗಿರಬೇಕು ಅಂದ್ರೆ, ರಸ್ತೇಲಿ ಹೋಗೋನಿಗೆ ಟಿಕೆಟ್ ತಗೊಳ್ಳೋದ್ರೊಳಗೇ ಎರಡು ಬಿದ್ದಂಗೆ ಆಗಬೇಕು."

ಉಸ್ತಾದಮ್ಮ ಮೈಲಾರಿಯ ಕಡೆ ತಿರುಗಿದರು. "ಇದನ್ನ ನೀನು ಬಿಡಿಸು."

"ನಾನಾ?"

"ಇಲ್ಲಿ ಇನ್ಯಾರಿದಾರೆ? ಸರಿ ಬಂದ್ರೆ ಕಪ್ಪು ನೀನೇ ಎಳಿ. ಬರದಿದ್ರೆ ಆ ಮಾತು ಇನ್ನೊಂದು ಸಲ ಎತ್ತಬೇಡ."

ಮೈಲಾರಿ ಅಂದೇ ಕೂತ. ನಾಯಕನನ್ನು ಬಿಡಿಸಿದ. ನಾಯಕನ ಮುಷ್ಟಿಯನ್ನು ಬಿಡಿಸಿದ, ಅದು ನೀರಿನ ಕೊಡದಷ್ಟಿತ್ತು. ಹಿಂದೆ ಬೆಂಕಿ ಹಚ್ಚಿದ. ಬೆಂಕಿಯ ಮೇಲೊಂದು ಜೀಪು ಹಾರಿಸಿದ. ಜೀಪಿನ ಮೇಲೆ ಸ್ವಲ್ಪ ಜಾಗ ಉಳಿಯಿತು. ಅಲ್ಲೊಂದು ಹೆಲಿಕಾಪ್ಟರ್ ಕೂರಿಸಿದ.

ಉಸ್ತಾದಮ್ಮ ನೋಡಿದರು.

"ಹೊಡೆತ ಎಲ್ಲಿದೆ?"

ಮೈಲಾರಿ ಮುಷ್ಟಿ ತೋರಿಸಿದ.

"ಅದು ಮುಷ್ಟಿ. ಅದರೊಳಗೆ ಕಡಲೆಕಾಯಿ ಇದ್ರೂ ಇರಬಹುದು. ಹೊಡೆತ ಎಲ್ಲಿದೆ?"

ಮೈಲಾರಿ ಇನ್ನೊಂದು ಹಾಳೆ ತಗೊಂಡ. ಈ ಸಲ ಖಳನನ್ನು ಬಿಡಿಸಿದ. ಖಳ ಗಾಳಿಯಲ್ಲಿ ಅಂಗಾತ ಹಾರುತ್ತಿದ್ದ. ಬಾಯಿಂದ ಹಲ್ಲುಗಳು ಮಲ್ಲಿಗೆ ಮೊಗ್ಗಿನಂತೆ ಉದುರುತ್ತಿದ್ದವು.

"ಇಲ್ಲಿದೆ ಅಮ್ಮ," ಎಂದ, ಅವರು ಕೇಳುವ ಮೊದಲೇ.

"ಇದು ಹೊಡೆತ ತಿಂದೋನು. ಊಟ ಎಲ್ಲಿ ಅಂದ್ರೆ ತೇಗಿದೋನ್ನ ತೋರಿಸ್ತೀಯಲ್ಲೋ."

ಮೂರನೆಯ ಹಾಳೆಯಲ್ಲಿ ಅವನು ಮುಷ್ಟಿಗೂ ಖಳನಿಗೂ ನಡುವೆ ಒಂದು ದೊಡ್ಡ ನಕ್ಷತ್ರ ಬಿಡಿಸಿ, ಅದರೊಳಗೆ 'ಢಿಶುಂ' ಎಂದು ಬರೆದ. ಅಕ್ಷರ ಸುಂದರವಾಗಿತ್ತು. 'ಢ'ದ ಹೊಟ್ಟೆಯೊಳಗೂ ಬೆಂಕಿ ಇತ್ತು.

"ಇದು ಸದ್ದು," ಎಂದರು ಉಸ್ತಾದಮ್ಮ. "ಹೋಗು. ಹೊಡೆತ ಹುಡುಕ್ಕೊಂಡು ಬಾ."

"ಎಲ್ಲಿ ಅಂತ ಹುಡುಕ್ಲಿ?"

"ಎಲ್ಲಿ ಅಂತ ಗೊತ್ತಿದ್ರೆ ಅದು ಹುಡುಕೋದಲ್ಲ, ತರೋದು."

ಮೈಲಾರಿ ಮನೆಗೆ ಹೋದ. ಅನ್ನ ಸೇರಲಿಲ್ಲ. ಎದ್ದು ಹೋಗಿ ಗೋಡೆಗೆ ಗುದ್ದಿ ನೋಡಿದ. ಕೈ ನೋಯಿತು. ಆದರೆ ಅದು ನೋವು, ಹೊಡೆತವಲ್ಲ; ಅಷ್ಟು ವೇದಾಂತ ಅವನಿಗೆ ಆಗಲೇ ಬಂದುಬಿಟ್ಟಿತ್ತು.

"ಯಾಕ್ರೀ, ಗೋಡೆ ಏನು ಮಾಡ್ತು?" ಎಂದು ಹೆಂಡತಿ ರೇಣವ್ವ ಕೇಳಿದಳು.

"ಹೊಡೆತ ಹುಡುಕ್ತಿದೀನಿ."

"ನನ್ನ ಕೇಳಿದ್ರೆ ನಾನೇ ಕೊಡ್ತಿರಲಿಲ್ವಾ?"

ಅವನು ಚಪ್ಪಲಿ ಮೆಟ್ಟಿ ನದಿಗೆ ಬಂದ. ದಂಡೆಯ ಕಲ್ಲಿನ ಮೇಲೆ ಕೂತ. ಕಪ್ಪು ಇನ್ನು ತನ್ನ ಹಣೆಯಲ್ಲಿ ಬರೆದಿಲ್ಲ ಅಂದುಕೊಂಡ. ಹಳದಿ ಎಳೆಯುತ್ತ ಸಾಯುವವರೂ ಇರುತ್ತಾರೆ, ಅವರಿಗೂ ಮಕ್ಕಳು ಮರಿ ಇರುತ್ತವೆ, ಎಂದೂ ಅಂದುಕೊಂಡ.

ಆಚೆ ದಂಡೆಯಲ್ಲಿ ಒಬ್ಬಾಕೆ ಕಂಬಳಿ ಒಗೆಯುತ್ತಿದ್ದಳು. ಹೊಳೆ ಅಗಲ, ಆಕೆ ಬೆರಳುದ್ದ ಕಾಣುತ್ತಿದ್ದಳು. ಕಂಬಳಿಯನ್ನು ತಲೆಯ ಮೇಲೆ ಎತ್ತಿ ಕಲ್ಲಿಗೆ ಅಪ್ಪಳಿಸಿದಳು.

ಸದ್ದಿಲ್ಲ.

ಆಕೆ ಕಂಬಳಿಯನ್ನು ಮತ್ತೆ ಎತ್ತಿದಳು. ಅದು ಆಕೆಯ ತಲೆಯ ಮೇಲೆ ಇದ್ದಾಗ, ನೀರಿನ ಮೇಲಿಂದ ಬಂತು: ಧಪ್.

ಮೈಲಾರಿ ನೆಟ್ಟಗೆ ಕೂತ.

ಕಂಬಳಿ ಕೆಳಗೆ ಬಿತ್ತು. ಸದ್ದಿಲ್ಲ. ಕಂಬಳಿ ಮೇಲೆ ಹೋಯಿತು. ಧಪ್.

ಅವನು ಹುಟ್ಟಿದಾಗಿನಿಂದ ಈ ದಂಡೆಯಲ್ಲಿ ಇದ್ದವನು. ಬಟ್ಟೆ ಒಗೆಯುವುದನ್ನು ನೋಡಿದ್ದ, ಕೇಳಿದ್ದ. ಅವೆರಡರ ನಡುವೆ ಒಂದು ಜಾಗ ಇದೆ ಎಂದು ಇವತ್ತೇ ಕಂಡದ್ದು. ಬಿದ್ದಾಗಿದೆ, ಆದರೆ ಇನ್ನೂ ಬಂದು ತಲುಪಿಲ್ಲ. ಅಷ್ಟು ಹೊತ್ತು ಇಡೀ ಹೊಳೆ ಉಸಿರು ಹಿಡಿದುಕೊಂಡಿರುತ್ತದೆ. ಮೀನು ಹಿಡಿದುಕೊಂಡಿರುತ್ತದೆ, ಕೊಕ್ಕರೆ ಹಿಡಿದುಕೊಂಡಿರುತ್ತದೆ. ಆಮೇಲೆ ಧಪ್ ಎನ್ನುತ್ತದೆ, ಎಲ್ಲವೂ ಮಾಮೂಲಿಗೆ ಬರುತ್ತದೆ.

ಆಕೆ ಕಂಬಳಿ ಹಿಂಡಿ ಹೆಗಲಿಗೆ ಹಾಕಿಕೊಂಡು ಹೋಗುವ ತನಕ ಅವನು ಅಲ್ಲೇ ಕೂತಿದ್ದ. ಎದ್ದಾಗ ಕಾಲು ಜೋಮು ಹಿಡಿದಿತ್ತು. ಕಣ್ಣಲ್ಲಿ ನೀರಿತ್ತು. ಬಿಸಿಲಿಗೆ, ಎಂದು ತನಗೆ ತಾನೇ ಹೇಳಿಕೊಂಡ.

ಮರುದಿನ ಹೊಸ ಹಾಳೆಯನ್ನು ಉಸ್ತಾದಮ್ಮನ ಮುಂದೆ ಇಟ್ಟ.

ಎಡಗಡೆಯಿಂದ ನಾಯಕನ ಮುಷ್ಟಿ ಬರುತ್ತಿತ್ತು. ಕೊಡದಷ್ಟಲ್ಲ, ಮುಷ್ಟಿಯಷ್ಟೇ. ಬಲಗಡೆ ಖಳನ ಮುಖ. ಹಲ್ಲು ಉದುರಿರಲಿಲ್ಲ, ಮೂಗು ಒಡೆದಿರಲಿಲ್ಲ. ಬರೀ ಅವನ ಮುಂಗೂದಲು ಹಿಂದಕ್ಕೆ ಹಾರಿತ್ತು, ಕಣ್ಣು ಗಟ್ಟಿಯಾಗಿ ಮುಚ್ಚಿತ್ತು. ಎರಡರ ನಡುವೆ ಗೇಣಷ್ಟು ಬಿಳಿ ಕಾಗದ. ಬೆಂಕಿ ಇಲ್ಲ. ಜೀಪಿಲ್ಲ. ಹೆಲಿಕಾಪ್ಟರ್ ಬೇರೆ ಸಿನಿಮಾಕ್ಕೆ ಹೋಗಿತ್ತು.

ಉಸ್ತಾದಮ್ಮ ನೋಡಿದರು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. ಹೊಡೆತ ಎಲ್ಲಿದೆ ಎಂದು ಕೇಳಲಿಲ್ಲ.

"ಗೌಡ್ರನ್ನ ಕರೆಸು," ಎಂದರು.

ಗೌಡರು ಬಂದರು. ಹಾಳೆಯನ್ನು ಹತ್ತಿರ ಹಿಡಿದು ನೋಡಿದರು, ದೂರ ಹಿಡಿದು ನೋಡಿದರು.

"ನಡುವೆ ಏನೂ ಇಲ್ಲವಲ್ಲಪ್ಪ ಮೈಲಾರಿ?"

"ಅಲ್ಲಿ ಹೊಡೆತ ಐತೆ ಗೌಡ್ರೆ."

"ಕಾಣ್ತಿಲ್ವಲ್ಲ?"

"ಹೌದು, ಕಾಣಲ್ಲ."

"ಕಾಣದೆ ಇರೋದನ್ನ ಪೋಸ್ಟರ್ ಮಾಡಿ ಗೋಡೆಗೆ ಯಾಕಪ್ಪ ಅಂಟಿಸಬೇಕು?"

ಗೌಡರ ಮಾತಿನಲ್ಲಿ ನ್ಯಾಯವಿತ್ತು. ಮೈಲಾರಿಗೂ ಹಾಗೇ ಅನ್ನಿಸಿತು.

"ನೋಡು, ನನ್ನದೇನೂ ಹಟ ಇಲ್ಲ," ಎಂದರು ಗೌಡರು. "ಆ ಜಾಗಕ್ಕೆ ಒಂಚೂರು ಬೆಂಕಿ ಹಾಕು. ಅಷ್ಟೇ. ಇವತ್ತೇ ಮುದ್ರಣಕ್ಕೆ ಹಾಕ್ಕೊಳ್ರಿ."

ಮೈಲಾರಿ ಉಸ್ತಾದಮ್ಮನ ಮುಖ ನೋಡಿದ. ಅವರು ಉಗುರಿನ ಸಂದಿಯಲ್ಲಿ ಒಣಗಿದ ನೀಲಿಯನ್ನು ಕೆರೆಯುತ್ತಿದ್ದರು.

"ಬಿಡಿಸಿದೋನು ಅವನು," ಎಂದರು. "ಅವನನ್ನೇ ಕೇಳ್ರಿ."

ಒಂಚೂರು ಬೆಂಕಿ. ಕುಂಚದ ನಾಲ್ಕು ಎಳೆತ. ಹಾಕಿದರೆ ಗೌಡರು ಒಪ್ಪುತ್ತಾರೆ, ಪೋಸ್ಟರ್ ಆಗುತ್ತದೆ, ಸ್ಕ್ವೀಜಿ ಕೈಗೆ ಬರುತ್ತದೆ. ಮೈಲಾರಿ ಕುಂಚ ಕೈಗೆತ್ತಿಕೊಂಡ. ಆ ಬಿಳಿ ಜಾಗವನ್ನು ನೋಡಿದ. ಅಲ್ಲಿ ಹೊಳೆ ಉಸಿರು ಹಿಡಿದುಕೊಂಡಿತ್ತು.

ಕುಂಚವನ್ನು ಕೆಳಗಿಟ್ಟ.

"ಹಾಕಲ್ಲ ಗೌಡ್ರೆ. ಬೆಂಕಿ ಹಾಕಿದ್ರೆ ಹೊಡೆತ ಸುಟ್ಟುಹೋಗ್ತೈತೆ."

"ನಿನಗೆ ಹುಷಾರಿಲ್ಲ," ಎಂದರು ಗೌಡರು. ಚೀಲವನ್ನು ಕಂಕುಳಲ್ಲಿ ಇಟ್ಟುಕೊಂಡು ಎದ್ದರು. "ಊರಲ್ಲಿ ಬೇರೆ ಪ್ರೆಸ್ಸು ಇಲ್ವಾ? ನಾನು ಬರ್ತೀನಿ ಉಸ್ತಾದಮ್ಮ."

ಗೌಡರು ಬಾಗಿಲ ಕಡೆ ನಡೆದರು. ಅವರ ಹಿಂದೆ ಹಿಂದೆಯೇ ತನ್ನ ಕಪ್ಪು ಕೂಡ ಎದ್ದು, ಚಪ್ಪಲಿ ಹಾಕಿಕೊಂಡು ಹೊರಟಿದ್ದು ಮೈಲಾರಿಗೆ ಸ್ಪಷ್ಟವಾಗಿ ಕಂಡಿತು.

"ಗೌಡ್ರೇ, ಒಂದು ನಿಮಿಷ," ಎಂದರು ಉಸ್ತಾದಮ್ಮ.

ಗೌಡರು ತಿರುಗಿದರು.

ಉಸ್ತಾದಮ್ಮನ ಕೈ ಎಲ್ಲಿಂದ ಎದ್ದಿತೋ ಯಾರಿಗೂ ಕಾಣಲಿಲ್ಲ. ಜೀವಮಾನವಿಡೀ ಸ್ಕ್ವೀಜಿ ಎಳೆದ ಕೈ ಅದು. ಗೌಡರ ಕೆನ್ನೆಯ ಕಡೆ ಬೀಸಿ ಬಂದು, ಕೆನ್ನೆಗೆ ಒಂದು ಕೂದಲೆಳೆ ದೂರದಲ್ಲಿ ನಿಂತುಬಿಟ್ಟಿತು.

ಶೆಡ್ಡಿನಲ್ಲಿ ಸದ್ದಿಲ್ಲ.

ಗೌಡರ ಕಣ್ಣು ಮುಚ್ಚಿತ್ತು. ಚೀಲ ನೆಲದ ಮೇಲಿತ್ತು. ನೀಟಾಗಿ ಬಾಚಿದ್ದ ಕೂದಲು ಒಂದು ಕಡೆ ಎದ್ದಿತ್ತು. ಗೌಡರು ಮೊದಲು ನಿಂತಿದ್ದ ಜಾಗದಲ್ಲಿ ಇರಲಿಲ್ಲ. ಅವರ ಬೆನ್ನು ತಗಡಿಗೆ ತಾಗಿತ್ತು.

"ತಗುಲ್ತಾ?" ಎಂದು ಕೇಳಿದರು ಉಸ್ತಾದಮ್ಮ.

ಗೌಡರು ಒಂದು ಕಣ್ಣು ಬಿಟ್ಟರು. "ಇ... ಇಲ್ಲ."

"ಮತ್ತೆ ಅಲ್ಲಿಗೆ ಯಾಕೆ ಹೋದ್ರಿ?"

ಗೌಡರು ಉಸ್ತಾದಮ್ಮನ ಕೈ ನೋಡಿದರು. ತಮ್ಮ ಕೆನ್ನೆ ಸವರಿಕೊಂಡರು. ಆಮೇಲೆ ಅವೆರಡರ ನಡುವಿನ ಗಾಳಿಯನ್ನು ನೋಡಿದರು, ಅಲ್ಲಿ ಇನ್ನೂ ಏನೋ ನಿಂತಿದೆ ಎಂಬಂತೆ.

"ಆ ಜಾಗಕ್ಕೆ ಬೆಂಕಿ ಹಾಕಿಸ್ಲಾ?"

"ಬೇಡಮ್ಮ," ಎಂದರು ಗೌಡರು. ಅವರ ದನಿ ಸಣ್ಣಗಾಗಿತ್ತು. "ಅದು ಹಂಗೇ ಇರಲಿ. ಒಂದು ಲೋಟ ನೀರು ಕೊಡ್ರಿ."

ಮುದ್ರಣ ಶುರುವಾಯಿತು. ಮೈಲಾರಿ ಹಳದಿ ಎಳೆದ. ಹಾಳೆಗಳು ಹಗ್ಗದ ಮೇಲೆ ಒಣಗಿದವು. ಕೆಂಪು ಎಳೆದ. ನೀಲಿ ಎಳೆದ. ಶೆಡ್ಡಿನ ತುಂಬ ಕಲೆಗಳು ತೂಗಾಡುತ್ತಿದ್ದವು. ಯಾವುದರಲ್ಲೂ ಇನ್ನೂ ಯಾರೂ ಹುಟ್ಟಿರಲಿಲ್ಲ.

ಕಪ್ಪಿನ ದಿನ ಉಸ್ತಾದಮ್ಮ ಸ್ಕ್ವೀಜಿಯನ್ನು ತೊಳೆದು, ಒರೆಸಿ, ಮೇಜಿನ ಮೇಲೆ ಇಟ್ಟರು. ಇಟ್ಟು, ಮೇಜಿನ ಆಚೆಗೆ ಹೋಗಿ, ಮೈಲಾರಿ ಯಾವಾಗಲೂ ನಿಲ್ಲುವ ಜಾಗದಲ್ಲಿ ಕೈಕಟ್ಟಿ ನಿಂತರು.

ಮೈಲಾರಿ ಮೇಜಿನ ಈಚೆಗೆ, ಅವರ ಜಾಗಕ್ಕೆ ಬಂದ.

ಚೌಕಟ್ಟು ಇಳಿಸಿದ. ಕಪ್ಪು ಸುರಿದ. ಅವನ ಬೆರಳಿಗೆಲ್ಲ ಮೆತ್ತಿಕೊಂಡಿತು. ಎರಡೂ ಕೈಯಲ್ಲಿ ಸ್ಕ್ವೀಜಿ ಹಿಡಿದು, ಉಸಿರು ಬಿಗಿಹಿಡಿದು, ಎದೆಯ ಕಡೆಗೆ ಒಂದೇ ಸಲ ಎಳೆದ.

ಸರ್ರ್ ಎಂದಿತು.

ಚೌಕಟ್ಟು ಎತ್ತಿದ.

ಅವರು ಎದ್ದು ಬಂದಿದ್ದರು. ಹೊಡೆಯುವವನೂ ಹೊಡೆಸಿಕೊಳ್ಳುವವನೂ, ಇಬ್ಬರೂ, ಕಲೆಗಳಿಂದ. ಒಬ್ಬನ ಗಿಣ್ಣಿನ ಮೂಳೆ ಎದ್ದು ಕಾಣುತ್ತಿತ್ತು. ಇನ್ನೊಬ್ಬನ ರೆಪ್ಪೆ ನಡುಗುತ್ತಿತ್ತು. ಹಾಳೆಯ ಮೇಲಿನ ರೆಪ್ಪೆ ನಡುಗುವುದಿಲ್ಲ, ಮೈಲಾರಿಗೆ ಗೊತ್ತಿತ್ತು. ಆದರೂ ನಡುಗುತ್ತಿತ್ತು. ಅವರಿಬ್ಬರ ನಡುವೆ ಆ ಬಿಳಿ. ಅದು ಕಾಗದದ ಬಿಳಿಯಾಗಿ ಉಳಿದಿರಲಿಲ್ಲ. ಮುಷ್ಟಿಗಿಂತ ಮುಂಚೆ ಅದೇ ಬಂದು ಖಳನ ಮುಖವನ್ನು ತಲುಪಿತ್ತು. ನೋಡುತ್ತ ನಿಂತ ಮೈಲಾರಿಯ ಹಣೆಯ ಕೂದಲಿಗೆ ಗಾಳಿ ತಾಗಿದಂತಾಯಿತು.

ಅವನಿಗೆ ತಾನು ಯಾರು, ಎಲ್ಲಿದ್ದೇನೆ ಎಂಬುದು ಮರೆಯಿತು. ಹೆಂಡತಿ ಇರುವುದು ಮರೆಯಿತು. ಕಪ್ಪು ಸಿಕ್ಕಿದ್ದೂ ಮರೆಯಿತು.

ಕೈ ತಾನಾಗಿ ಮುಂದೆ ಹೋಯಿತು.

ಮತ್ತೆ ನೋಡಿದಾಗ ಆ ಬಿಳಿಯ ನಟ್ಟನಡುವೆ ಅವನ ಹೆಬ್ಬೆರಳಿನ ಕಪ್ಪು ಗುರುತು ಕೂತಿತ್ತು. ಗೆರೆ ಗೆರೆಯೂ ಸ್ಪಷ್ಟವಾಗಿ, ರೇಷನ್ ಅಂಗಡಿಯಲ್ಲಿ ಒತ್ತಿದ ಹಾಗೆ.

ಮೈಲಾರಿ ಕೈಯನ್ನು ಸರಕ್ಕನೆ ಹಿಂದಕ್ಕೆಳೆದುಕೊಂಡ. ಹಸಿ ಹಾಳೆ ಮುಟ್ಟುವುದು ಶೆಡ್ಡಿಗೆ ಮೊದಲ ದಿನ ಬಂದವರು ಮಾಡುವ ತಪ್ಪು. ಅಂಥವರನ್ನು ಉಸ್ತಾದಮ್ಮ ಎರಡನೆಯ ದಿನ ಬರಗೊಡುತ್ತಿರಲಿಲ್ಲ.

"ತಪ್ಪಾಯ್ತಮ್ಮ," ಎಂದು ಅವನು ಸ್ಕ್ವೀಜಿಯನ್ನು ಎರಡೂ ಕೈಯಲ್ಲಿ ಮುಂದೆ ಚಾಚಿದ. "ನನಗಿನ್ನೂ ಆಗಿಲ್ಲ. ಕಪ್ಪು ನೀವೇ ಎಳೀರಿ."

ಉಸ್ತಾದಮ್ಮ ತಗೊಳ್ಳಲಿಲ್ಲ. ಬಗ್ಗಿ ಆ ಗುರುತನ್ನು ನೋಡಿದರು.

"ಯಾಕೆ ಮುಟ್ಟಿದೆ?"

"ಗೊತ್ತಿಲ್ಲಮ್ಮ."

"ಯಾಕೆ ಮುಟ್ಟಿದೆ ಅಂದೆ."

ಮೈಲಾರಿ ತಲೆ ತಗ್ಗಿಸಿದ. "ಅಲ್ಲಿ... ನಿಜವಾಗಲೂ ಐತೋ ಇಲ್ವೋ ಅಂತ."

ಉಸ್ತಾದಮ್ಮ ಆ ಹಾಳೆಯನ್ನು ಎರಡು ತುದಿಯಲ್ಲಿ ಹಿಡಿದು ಮೆಲ್ಲಗೆ ಎತ್ತಿದರು. ಅದನ್ನು ರದ್ದಿಗೆ ಹಾಕಲಿಲ್ಲ, ಒಯ್ದು ಹಗ್ಗಕ್ಕೆ ಸಿಕ್ಕಿಸಿದರು.

"ಮುಂದಿನ ಹಾಳೆ ಇಡು," ಎಂದರು. "ಏನೂ ಇಲ್ಲದ ಜಾಗಾನ ಯಾರು ಮುಟ್ಟಿ ನೋಡ್ತಾರೋ?"