ಮೇಲಕ್ಕೆ ಬಳಿದ ಗೆರೆ

"ಸರ್, ಚಿತ್ರದಲ್ಲಿ ಎಲ್ಲಿಯೂ ಕೆಂಪಿಲ್ಲ. ಆದರೂ ನನ್ನ ಕ್ಯಾಮೆರಾ ಪೆಟ್ಟಿಗೆಯನ್ನು ರಾಕೆಟ್ಟಿನಿಂದ ಬಿಚ್ಚಿಸಿದ್ದೇಕೆ?"

ಪಂಪಾಪತಿಗೆ ಮೈಯೆಲ್ಲ ಉರಿಯುತ್ತಿತ್ತು. ಕಾಲೇಜಿನ ಹುಡುಗರು ಕಟ್ಟಿದ ರಾಕೆಟ್ ನಾಳೆ ಹಾರಬೇಕು. ಅದರಲ್ಲಿ ಕ್ಯಾಮೆರಾ ಕೂರಿಸುವ ಪೆಟ್ಟಿಗೆ ಅವನದು. ವರ್ಷವಿಡೀ ಅದಕ್ಕಾಗಿ ಜೀವ ತೇದಿದ್ದ. ನೋಡಲು ಊರಿನ ಜನ ಮೈದಾನಕ್ಕೆ ಬರುವವರಿದ್ದರು. ಪೆಟ್ಟಿಗೆ ಕಿತ್ತು ಹಾರಿದರೆ ಅವರ ನಡುವೆಯೇ ಬಿದ್ದೀತು ಎಂದು ಸಂಗಮನಾಥ ಮೇಷ್ಟ್ರು ಬೆಳಿಗ್ಗೆಯೇ ಎಚ್ಚರಿಸಿದ್ದರು.

ಹಾರುವಾಗ ಪೆಟ್ಟಿಗೆಯ ಮೇಲೆ ಬೀಳುವ ಒತ್ತಡವನ್ನು ಕಂಪ್ಯೂಟರು ಬಣ್ಣದ ಚಿತ್ರವಾಗಿ ತೋರಿಸುತ್ತದೆ. ಮುರಿಯುವ ಜಾಗ ಕೆಂಪಾಗುತ್ತದೆ. ಮೊದಲ ಸಲ ತಿರುಪಿನ ಸುತ್ತ ಕೆಂಪು ಕಂಡಿತ್ತು. ಪಂಪಾಪತಿ ಪೆಟ್ಟಿಗೆಯನ್ನು ಮುಟ್ಟಲಿಲ್ಲ. ಕೆಂಪು ಎಲ್ಲಿಂದ ಶುರುವಾಗಬೇಕೆಂಬ ಮಿತಿಯನ್ನೇ ಮೇಲಕ್ಕೆ ಎಳೆದ. ಎಂಥ ಜಾಣತನ ನೋಡಿ, ಕೆಂಪೆಲ್ಲ ಹಸಿರಾಯಿತು. ಇಷ್ಟು ಸಣ್ಣದಕ್ಕೆ ಈ ಮನುಷ್ಯ ತನ್ನ ದುಡಿಮೆಗೆ ಕಲ್ಲು ಹಾಕಬೇಕೇ ಎಂದು ಅವನು ಹಲ್ಲು ಕಡಿಯುತ್ತ ನಿಂತಿದ್ದ.

ಮಿತಿ ಬದಲಾದದ್ದನ್ನು ಕಂಡುಹಿಡಿದಿದ್ದ ಮೇಷ್ಟ್ರಿಗೂ ಸಿಟ್ಟು ನೆತ್ತಿಗೇರಿತ್ತು. ಆದರೆ ಬೈಯಲಿಲ್ಲ. ಕೂರು ಎಂದರು, ಕತೆ ಹೇಳಿದರು.

ಒಂದು ಹೊಳೆಯ ದಡದಲ್ಲಿ ಒಬ್ಬ ಅಂಬಿಗನಿದ್ದ. ಅವನ ದೋಣಿಯ ಹೊರಮೈಗೆ ಒಂದು ಗೆರೆ ಬಳಿದಿತ್ತು. ಭಾರಕ್ಕೆ ದೋಣಿ ಇಳಿದು ನೀರು ಆ ಗೆರೆ ಮುಟ್ಟಿತೆಂದರೆ ಮತ್ತೊಬ್ಬರನ್ನು ಹತ್ತಿಸುವಂತಿಲ್ಲ. ಜನ ಗೆರೆ ನೋಡಿಯೇ ಕಾಲಿಡುತ್ತಿದ್ದರು.

ಒಂದು ಮುಂಜಾನೆ, ಜನ ಬರುವ ಮೊದಲೇ, ಒಬ್ಬ ವ್ಯಾಪಾರಿ ಮೂಟೆಗಳನ್ನು ತಂದು ಹೇರಿಸಿದ. ಮೂಟೆಗಳ ಭಾರಕ್ಕೇ ನೀರು ಗೆರೆ ಮುಟ್ಟಿತು. ಇನ್ನು ಸಂತೆಗೆ ಹೋಗುವವರು ಯಾರೂ ಹತ್ತುವುದಿಲ್ಲ ಎಂದು ಅಂಬಿಗ ಗೊಣಗಿದ.

ವ್ಯಾಪಾರಿ ನಕ್ಕ. "ದೋಣಿ ನಿನ್ನದು, ಬಣ್ಣವೂ ನಿನ್ನದು. ಗೆರೆಯನ್ನು ಒಂದು ಗೇಣು ಮೇಲೆ ಬಳಿ, ಮುಗಿಯಿತು."

ಅಂಬಿಗ ಹಳೆಯ ಗೆರೆ ಕೆರೆದು ಹೊಸದು ಬಳಿದ. ಆಮೇಲೆ ಜನ ಬಂದರು. ಬಗ್ಗಿ ನೋಡಿದರು. ಗೆರೆ ನೀರಿನಿಂದ ಸಾಕಷ್ಟು ಮೇಲಿತ್ತು. ಮಕ್ಕಳನ್ನು ಎತ್ತಿಕೊಂಡು ಹತ್ತಿದರು. ನಡುಹೊಳೆಯಲ್ಲಿ ನೀರು ಒಳಗೆ ನುಗ್ಗಿ ದೋಣಿ ಮಗುಚಿತು.

ಮೇಷ್ಟ್ರು ಅಲ್ಲಿಗೇ ನಿಲ್ಲಿಸಿದರು. ಪಂಪಾಪತಿಯ ಸಿಟ್ಟು ಇನ್ನೂ ಇಳಿದಿರಲಿಲ್ಲ. ಈಗ ಅದು ಅಂಬಿಗನ ಮೇಲೆ ತಿರುಗಿತ್ತು.

"ಮುಳುಗಿ ಸತ್ತನಲ್ಲ, ಅವನಿಗೆ ತಕ್ಕ ಶಾಸ್ತಿಯೇ ಆಯಿತು" ಎಂದ.

ಮೇಷ್ಟ್ರು ಅವನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದರು: "ಅಂಬಿಗ ಈಜಿ ದಡ ಸೇರಿದ, ಗೆರೆ ನಂಬಿ ಹತ್ತಿದವರಿಗೆ ಈಜು ಬರುತ್ತಿರಲಿಲ್ಲ."