ಕೋಟಿ ಗೆದ್ದ ಬೋರಲಿಂಗ, ಭಾವನ ಹೆಸರು

ಮಧುಗಿರಿಯ ಪೇಟೆ ಬೀದಿಯಲ್ಲಿ ಬೋರಲಿಂಗ ಎಂಬ ಬೇಕರಿಯವನಿದ್ದ. ಅವನಿಗೆ ಆರು ವರ್ಷವಾಗುವಷ್ಟರಲ್ಲಿ ಅಪ್ಪ ಅಮ್ಮ ಇಬ್ಬರೂ ತೀರಿಹೋಗಿದ್ದರು. ಅಕ್ಕ ಸಿದ್ದಗಂಗಮ್ಮ ಮದುವೆಯಾಗಿ ಗಂಡನ ಮನೆಗೆ ಹೊರಟಾಗ ತಮ್ಮನನ್ನೂ ಕೈ ಹಿಡಿದು ಕರೆದುಕೊಂಡು ಹೋದಳು. ಭಾವ ಮಹಲಿಂಗಪ್ಪ ಬಾಗಿಲಲ್ಲೇ ನಕ್ಕುಬಿಟ್ಟ. "ಒಬ್ಬಳನ್ನ ಕೇಳಿದ್ದೆ, ಇಬ್ಬರು ಬಂದ್ರು. ನಂದೇ ಲಾಭ" ಎಂದು ಹುಡುಗನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡ. ಅಂಥ ಮನುಷ್ಯ ಅವನು.

ಮಹಲಿಂಗಪ್ಪನದು ಸೌದೆ ಭಟ್ಟಿಯ ಬೇಕರಿ. ಬನ್ನು, ರಸ್ಕು, ಬೆಣ್ಣೆ ಬಿಸ್ಕತ್ತು, ಶನಿವಾರಕ್ಕೊಮ್ಮೆ ದಿಲ್‌ಪಸಂದ್. ಭಟ್ಟಿಯ ಬಾಯಿಗೆ ಕೈಯೊಡ್ಡಿ ಶಾಖ ಎಷ್ಟಿದೆ ಎಂದು ಹೇಳುವುದನ್ನು, ಹಸಿ ಸೌದೆಗೂ ಬೆಂಕಿ ಹಿಡಿಸುವುದನ್ನು ಅವನು ಬೋರಲಿಂಗನಿಗೆ ಕಲಿಸಿದ. ನಿನ್ನೆಯ ಬನ್ನನ್ನು ಇವತ್ತಿನದು ಎಂದು ಮಹಲಿಂಗಪ್ಪ ಒಂದು ದಿನವೂ ಮಾರಿದವನಲ್ಲ. ಅದನ್ನು ಬೇರೆ ತಟ್ಟೆಯಲ್ಲಿಟ್ಟು, "ನಿನ್ನೇದು, ಅರ್ಧ ರೇಟು" ಎಂದು ಮೊದಲೇ ಹೇಳಿಬಿಡುತ್ತಿದ್ದ. ಬೋರಲಿಂಗನಿಗೆ ಇಪ್ಪತ್ತೈದು ತುಂಬಿದ ವರ್ಷ ಭಾವ ಜ್ವರ ಬಂದು ತೀರಿಕೊಂಡ. ಅಲ್ಲಿಂದ ಮುಂದೆ ಅಕ್ಕ ಗಲ್ಲಾದಲ್ಲಿ, ತಮ್ಮ ಭಟ್ಟಿಯಲ್ಲಿ.

ಹೀಗಿರುವಾಗ ಹೊರದೇಶದ ಒಂದು ಟಿವಿ ಕಂಪನಿ ಸ್ಪರ್ಧೆ ಇಟ್ಟಿತು. ಹನ್ನೆರಡು ಜನರನ್ನು ಸಮುದ್ರದ ನಡುವಿನ ದ್ವೀಪದಲ್ಲಿ ಬಿಡುತ್ತಾರೆ. ನಲವತ್ತು ದಿನ ಅಲ್ಲಿ ಬದುಕಬೇಕು. ಊಟ ತಾವೇ ಹುಡುಕಿಕೊಳ್ಳಬೇಕು. ಕೊನೆಗೆ ಉಳಿದವರಿಗೆ ಒಂದು ಕೋಟಿ ರೂಪಾಯಿ. ಗೆಳೆಯರು ತಮಾಷೆಗೆ ಬೋರಲಿಂಗನ ಹೆಸರು ಕಳಿಸಿದರು. ಅಲ್ಲಿಯವರೆಗೆ ಸಮುದ್ರವನ್ನೇ ನೋಡಿರದ ಅವನು ಆಯ್ಕೆಯಾಗಿಬಿಟ್ಟ.

ದ್ವೀಪದಲ್ಲಿ ಜೊತೆಗಿದ್ದವರೆಲ್ಲ ಕಟ್ಟುಮಸ್ತು ಆಳುಗಳು. ಒಬ್ಬ ಬೆಟ್ಟ ಹತ್ತುವವನು, ಒಬ್ಬಳು ಈಜುಗಾರ್ತಿ, ಇಬ್ಬರು ಪೈಲ್ವಾನರು. ಬೋರಲಿಂಗನಿಗೆ ಸ್ವಲ್ಪ ಹೊಟ್ಟೆ ಬೇರೆ ಇತ್ತು. ಆದರೆ ಎರಡನೇ ವಾರ ಮಳೆ ಹಿಡಿಯಿತು. ಒಂಬತ್ತು ದಿನ ಬಿಡಲಿಲ್ಲ. ಎಲ್ಲರ ಬೆಂಕಿಯೂ ಆರಿಹೋಯಿತು. ಬೋರಲಿಂಗನದು ಮಾತ್ರ ಆರಲಿಲ್ಲ. ತೆಂಗಿನ ಚಿಪ್ಪಿನಲ್ಲಿ ಕೆಂಡ ಇಟ್ಟು, ಮೇಲೆ ಬೂದಿ ಮುಚ್ಚಿ, ಮಗುವನ್ನು ಕಾದ ಹಾಗೆ ಕಾದ. ಕೇಳಿದವರಿಗೆಲ್ಲ ಕೆಂಡ ಕೊಟ್ಟ.

"ನಾವು ನಿನ್ನ ಎದುರಾಳಿಗಳಲ್ವಾ? ನಮಗ್ಯಾಕೆ ಕೊಡ್ತೀಯ?" ಎಂದು ಈಜುಗಾರ್ತಿ ಕೇಳಿದಳು.

"ಕೆಂಡ ಕೊಟ್ರೆ ಬೆಂಕಿ ಕಮ್ಮಿ ಆಗುತ್ತಾ ತಾಯಿ?" ಎಂದ ಬೋರಲಿಂಗ.

ಟಿವಿಯಲ್ಲಿ ನೋಡುತ್ತಿದ್ದ ಜನ ಆ ಮಾತಿಗೆ ಮನಸೋತರು. ಉಳಿದವರು ಒಬ್ಬೊಬ್ಬರಾಗಿ ಕೈಚೆಲ್ಲಿ ದ್ವೀಪ ಬಿಟ್ಟರು. ನಲವತ್ತನೆಯ ದಿನ ಏಡಿ ತಿಂದು, ಗಡ್ಡ ಬಿಟ್ಟು, ಹೊಟ್ಟೆ ಕರಗಿಸಿಕೊಂಡು ಅವನೇ ಗೆದ್ದ. ಮಧುಗಿರಿಯಲ್ಲಿ ಪಟಾಕಿ ಹೊಡೆದರು. ಬಸ್ ಸ್ಟ್ಯಾಂಡಿನಿಂದ ಬೇಕರಿಯವರೆಗೆ ತಮಟೆ ಬಡಿದು ಕರೆತಂದರು. ಸಿದ್ದಗಂಗಮ್ಮ ಆರತಿ ಎತ್ತಿ, "ಎಷ್ಟು ಸೊರಗಿದೀಯೋ" ಎಂದು ಅತ್ತಳು.

ಇಲ್ಲಿಯವರೆಗೆ ಎಲ್ಲ ಚೆನ್ನಾಗಿಯೇ ಇತ್ತು.

ಕಂಪನಿ ಅವನ ಹೆಸರಿನಲ್ಲಿ ಹೊರದೇಶದ ಬ್ಯಾಂಕಿನಲ್ಲಿ ಕೋಟಿ ರೂಪಾಯಿ ಹಾಕಿತು. ನಿಮ್ಮ ದೇಶದ ತೆರಿಗೆ ನೀವೇ ಕಟ್ಟಿಕೊಳ್ಳಬೇಕು ಎಂದು ಕಾಗದದಲ್ಲಿ ಬರೆದಿತ್ತು. ಬೋರಲಿಂಗ ಕಾಗದ ಹಿಡಿದು ಆಡಿಟರ್ ವಸುಪಾಲಯ್ಯನವರ ಹತ್ತಿರ ಹೋದ. ಅವರು ಓದಿ ಕನ್ನಡಕ ತೆಗೆದರು.

"ಮೂವತ್ತು ಲಕ್ಷದ ಮೇಲೆ ಆಗುತ್ತಪ್ಪ. ಕಟ್ಟಿಬಿಡು. ಉಳಿದಿದ್ದನ್ನ ನೆಮ್ಮದಿಯಾಗಿ ತಿನ್ನು."

"ಮೂವತ್ತು ಲಕ್ಷಾನಾ ಸ್ವಾಮಿ? ಮಳೇಲಿ ಬೆಂಕಿ ಕಾದವನು ನಾನು. ನಲವತ್ತು ದಿನ ಏಡಿ ತಿಂದವನು ನಾನು. ಸರ್ಕಾರ ಅಲ್ಲಿ ನನ್ನ ಪಕ್ಕ ಕೂತಿತ್ತಾ?"

"ನಿನ್ನ ಬೇಕರಿ ಮುಂದಿನ ರಸ್ತೆ ಯಾರು ಹಾಕಿದ್ರು? ನೀನು ಓದಿದ ಶಾಲೆ ಯಾರದು? ಕಟ್ಟು ಬೋರಲಿಂಗ, ವಾದ ಮಾಡಬೇಡ."

ಬೋರಲಿಂಗ ಆಗಲಿ ಎಂದು ತಲೆಯಾಡಿಸಿ ಬಂದ. ಆದರೆ ಕಟ್ಟಲಿಲ್ಲ. ಅವನ ತಲೆಯಲ್ಲಿ ಬೇರೆಯೇ ಲೆಕ್ಕ ಇತ್ತು. ಮುಖ್ಯ ರಸ್ತೆಯಲ್ಲಿ ಎರಡು ಮಹಡಿಯ ಬೇಕರಿ ಕಟ್ಟಿಸಬೇಕು. ಮಂಡಿನೋವಿನ ಅಕ್ಕನನ್ನು ಮೆತ್ತನೆಯ ಕುರ್ಚಿಯಲ್ಲಿ ಕೂರಿಸಬೇಕು. ಮೂವತ್ತು ಲಕ್ಷ ಹೋದರೆ ಒಂದು ಮಹಡಿಯೇ ಹೋದ ಹಾಗೆ. ಆಸೆ ಒಳ್ಳೆಯದೇ. ಹಿಡಿದ ದಾರಿ ಕೆಟ್ಟದು.

ಒಂದು ತಿಂಗಳು ಬಿಟ್ಟು ಅವನು ಎಲ್ಲರ ಮುಂದೆ ಮುಖ ಸಣ್ಣ ಮಾಡಿಕೊಂಡು ಹೇಳಿದ. "ಕಂಪನಿಯವರು ಕೈಯೆತ್ತಿಬಿಟ್ರು ಕಣ್ರಪ್ಪ. ಒಂದು ಪೈಸೆ ಬರಲಿಲ್ಲ."

ಊರು ನಂಬಿತು. ಪಾಪ ಎಂದು ಮರುಗಿತು. ಒಂದು ಬನ್ನು ಕೊಳ್ಳುವವರು ಎರಡು ಕೊಂಡರು. ಒಂದು ಬೆಳಿಗ್ಗೆ ಸರ್ಕಾರಿ ಶಾಲೆಯ ಮಕ್ಕಳು ಒಂದು ಡಬ್ಬಿ ತಂದು ಗಲ್ಲಾದ ಮೇಲಿಟ್ಟವು. ಅದರ ತುಂಬ ಚಿಲ್ಲರೆ. "ನಿಮಗೆ ಮೋಸ ಆಯ್ತಲ್ಲ ಅಣ್ಣ, ಅದಕ್ಕೆ" ಎಂದವು. ಬೋರಲಿಂಗನ ಕಿವಿ ಬಿಸಿಯಾಯಿತು. ಹಿಂದಕ್ಕೆ ಕೊಡಬೇಕು ಅನ್ನಿಸಿತು. ಯಾಕೆ ಬೇಡ ಎಂದು ಕೇಳಿದರೆ ಏನು ಹೇಳುವುದು? ಇಟ್ಟುಕೊಂಡ.

ಆಮೇಲೆ ದುಡ್ಡನ್ನು ಸ್ವಲ್ಪ ಸ್ವಲ್ಪವಾಗಿ, ಅವರಿವರ ಕೈಯಿಂದ, ಕದ್ದುಮುಚ್ಚಿ ತರಿಸಿಕೊಂಡ. ಅಕ್ಕನಿಗೆ ಮಾತ್ರ, "ಕಂಪನಿ ಕೊನೆಗೂ ಕೊಡ್ತು ಅಕ್ಕಯ್ಯ. ಯಾರಿಗೂ ಹೇಳಬೇಡ, ದೃಷ್ಟಿಯಾಗುತ್ತೆ" ಎಂದ. ಅಕ್ಕನ ಹೆಸರಿನಲ್ಲೇ ಕಟ್ಟಡ ಎದ್ದಿತು. ಬ್ಯಾಂಕು ಸಾಲ ಕೊಟ್ಟಿದೆ ಎಂದು ಊರಿಗೆ ಹೇಳಿದ. ಹಳೆಯ ಭಟ್ಟಿಗೆ ಬೀಗ ಬಿತ್ತು.

ಗೆದ್ದ ಎರಡನೇ ವರ್ಷ ತೆರಿಗೆ ಇಲಾಖೆಯಿಂದ ನೋಟಿಸು ಬಂತು. ಈ ಕಟ್ಟಡಕ್ಕೆ ದುಡ್ಡು ಎಲ್ಲಿಂದ ಬಂತು? ನೀವು ಗೆದ್ದ ಬಹುಮಾನ ಎಲ್ಲಿ ಹೋಯಿತು? ವಸುಪಾಲಯ್ಯನವರು ತಾವಾಗಿಯೇ ಬೇಕರಿಗೆ ಬಂದು, "ಈಗಲಾದರೂ ಒಪ್ಪಿಕೋ. ದಂಡ ಕಟ್ಟಿದರೆ ಮುಗಿಯಬಹುದು" ಎಂದರು. ಬೋರಲಿಂಗ ಹೆದರಿದ್ದ. ಹೆದರಿದವನಿಗೆ ಒಳ್ಳೆಯ ಮಾತು ಕೇಳಿಸುವುದಿಲ್ಲ.

ಬಹುಮಾನ ನನಗೆ ಬರಲೇ ಇಲ್ಲ ಎಂದು ಉತ್ತರ ಬರೆದ. ಕಟ್ಟಡದ ದುಡ್ಡು ನನ್ನ ಭಾವನದು, ಅವರು ಬದುಕಿದ್ದಾಗ ಯಾರಿಗೂ ಹೇಳದೆ ಮನೆಯಲ್ಲಿ ಕೂಡಿಟ್ಟಿದ್ದರು, ಅಕ್ಕನಿಗೆ ಆಮೇಲೆ ಸಿಕ್ಕಿತು ಎಂದು ಬರೆದ. ಆ ಕಾಗದವನ್ನು ಅಕ್ಕನ ಮುಂದೆ ಹಿಡಿದು ಎಲ್ಲ ಹೇಳಿಕೊಂಡ.

ಸಿದ್ದಗಂಗಮ್ಮ ಕಾಗದವನ್ನು ಪಕ್ಕಕ್ಕೆ ಸರಿಸಿದಳು. "ಅವರು ಒಂದು ಬನ್ನಿನಲ್ಲೂ ಸುಳ್ಳು ಹೇಳಿದವರಲ್ಲ ಕಣೋ" ಎಂದಳು.

"ಸತ್ತವರಿಗೆ ಏನಾಗುತ್ತೆ ಅಕ್ಕಯ್ಯ? ಬದುಕಿರೋನು ನಾನು. ನನ್ನ ಸಾಕಿದ್ದು ಜೈಲಿಗೆ ಕಳಿಸೋಕಾ?" ಎಂದು ಬೋರಲಿಂಗ ಅವಳ ಕಾಲು ಹಿಡಿದ.

ಅಕ್ಕ ಸಹಿ ಹಾಕಿದಳು.

ಇಲಾಖೆ ನಂಬಲಿಲ್ಲ. ಕೇಸು ಬೆಂಗಳೂರಿನ ಕೋರ್ಟಿಗೆ ಹೋಯಿತು. ಆದರೆ ಅಷ್ಟರಲ್ಲಿ ಆ ಟಿವಿ ಕಂಪನಿ ನಿಜವಾಗಿಯೂ ಬಾಗಿಲು ಹಾಕಿತ್ತು. ಅದರ ಕಾಗದಪತ್ರ ಸಿಗುವುದು ಕಷ್ಟವಾಗಿತ್ತು. "ನಿಮ್ಮ ಅಕ್ಕ ಬಂದು ಹೌದು ಅಂದರೆ ಸಾಕು, ಗೆದ್ದ ಹಾಗೆಯೇ" ಎಂದರು ಬೋರಲಿಂಗನ ವಕೀಲರು.

ಆ ದಿನ ಬಂತು. ಸಿದ್ದಗಂಗಮ್ಮ ಮಂಡಿ ಹಿಡಿದುಕೊಂಡು ಸಾಕ್ಷಿ ಕಟ್ಟೆ ಹತ್ತಿದಳು. ಸತ್ಯವನ್ನೇ ಹೇಳುತ್ತೇನೆ ಎಂದು ಪ್ರಮಾಣ ಮಾಡಿದಳು. ವಕೀಲರು ಕೇಳಿದರು. "ಈ ದುಡ್ಡು ನಿಮ್ಮ ಯಜಮಾನರು ಕೂಡಿಟ್ಟದ್ದು. ಅಲ್ಲವಾ ತಾಯಿ?"

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

ನ್ಯಾಯಾಧೀಶರು ವಯಸ್ಸಾದ ಹೆಂಗಸು. ಅವರು ಮೆಲ್ಲಗೆ ಕೇಳಿದರು. "ನೋಡಮ್ಮ, ನೀವು ಹೌದು ಅಂದರೆ ಏನರ್ಥ ಗೊತ್ತಾ? ನಿಮ್ಮ ಯಜಮಾನರು ಇಷ್ಟೆಲ್ಲ ದುಡ್ಡನ್ನ ವರ್ಷಗಟ್ಟಲೆ ಸರ್ಕಾರಕ್ಕೆ ತಿಳಿಯದ ಹಾಗೆ ಬಚ್ಚಿಟ್ಟಿದ್ದರು ಅಂತ. ಹಾಗೇನಾ? ಯೋಚನೆ ಮಾಡಿ ಹೇಳಿ."

ಸಿದ್ದಗಂಗಮ್ಮ ತಮ್ಮನ ಕಡೆ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಹೇಳಲಾ ಎಂದು ಅವಳು ಕೇಳುತ್ತಿದ್ದಳು. ಅವನು ತಲೆಯಾಡಿಸಿದ್ದರೆ ಹೇಳಿಯೇಬಿಡುತ್ತಿದ್ದಳು. ಅದು ಬೋರಲಿಂಗನಿಗೆ ಗೊತ್ತಾಯಿತು. ತನ್ನನ್ನು ಹೆಗಲ ಮೇಲೆ ಕೂರಿಸಿಕೊಂಡವನನ್ನು, ಅವನ ಹೆಂಡತಿಯ ಬಾಯಿಂದಲೇ, ತುಂಬಿದ ಕೋರ್ಟಿನಲ್ಲಿ ಕಳ್ಳ ಎಂದು ಕರೆಸುತ್ತಿದ್ದೇನೆ ಎಂದು ಅವನಿಗೆ ಆಗ ಹೊಳೆಯಿತು. ಅವನು ಎದ್ದು ನಿಂತ.

"ಅಕ್ಕಯ್ಯ, ಹೇಳಬೇಡ. ನಮ್ಮ ಭಾವ ಕಳ್ಳ ಅಲ್ಲ ತಾಯಿ. ಕಳ್ಳ ನಾನು. ದುಡ್ಡು ದ್ವೀಪದ್ದೇ. ಬಂದಿದ್ದು ನಿಜ, ಬಚ್ಚಿಟ್ಟಿದ್ದೂ ನಿಜ. ಅಕ್ಕನ ಹತ್ರ ಸಹಿ ಹಾಕಿಸಿದವನೂ ನಾನೇ."

ವಕೀಲರು ಅವನ ಅಂಗಿ ಎಳೆದರು. ಅವನು ಕೂರಲಿಲ್ಲ.

ಒಪ್ಪಿಕೊಂಡ ಎಂದು ಶಿಕ್ಷೆ ತಪ್ಪಲಿಲ್ಲ. ತಪ್ಪಬೇಕಾಗಿಯೂ ಇರಲಿಲ್ಲ. ಆರು ತಿಂಗಳ ಸಜೆಯಾಯಿತು. ತೆರಿಗೆ, ಬಡ್ಡಿ, ದಂಡ ಎಲ್ಲ ಸೇರಿ ಹೊಸ ಕಟ್ಟಡವೇ ಮಾರಿಹೋಯಿತು. ಸಿದ್ದಗಂಗಮ್ಮನಿಗೆ ನ್ಯಾಯಾಧೀಶರು, "ಪ್ರೀತಿ ಇರಲಿ, ಸುಳ್ಳಿಗೆ ಸಹಿ ಹಾಕಬೇಡಿ" ಎಂದು ಗದರಿ ಕಳಿಸಿದರು. ಅಪೀಲು ಹಾಕಲು ಒಂದು ತಿಂಗಳ ಸಮಯ ಸಿಕ್ಕಿತು. ಬೋರಲಿಂಗ ಅಪೀಲು ಬೇಡ ಎಂದ. ಒಂದು ವಾರ ಊರಿಗೆ ಹೋಗಿ ಬಂದು ಜೈಲು ಸೇರುತ್ತೇನೆ ಎಂದ.

ಆ ವಾರ ಅವನು ಮೊದಲು ಹೋಗಿದ್ದು ಶಾಲೆಗೆ. ಚಿಲ್ಲರೆಯ ಡಬ್ಬಿಯನ್ನು ಮೇಷ್ಟ್ರ ಮೇಜಿನ ಮೇಲಿಟ್ಟು, ಮಕ್ಕಳಿಗೆ ಕೈ ಮುಗಿದು, "ನನಗೆ ಯಾರೂ ಮೋಸ ಮಾಡಿರಲಿಲ್ಲ. ನಾನೇ ನಿಮಗೆ ಮೋಸ ಮಾಡಿದೆ" ಎಂದ. ಮುಂದಿನ ಸಾಲಿನ ಪುಟ್ಟ ಹುಡುಗಿಯೊಬ್ಬಳು ಎದ್ದು ಕೇಳಿದಳು.

"ಹಂಗಾದ್ರೆ ಏಡಿ ತಿಂದಿದ್ದೂ ಸುಳ್ಳಾ ಅಣ್ಣ?"

"ಇಲ್ಲ ಪುಟ್ಟಿ, ಅದು ನಿಜ. ತುಂಬ ಕೆಟ್ಟದಾಗಿತ್ತು" ಎಂದ ಬೋರಲಿಂಗ. ಮಕ್ಕಳು ನಕ್ಕವು. ಅವನಿಗೆ ಮಾತ್ರ ಅಳು ಬಂತು.

ಜೈಲಿನಲ್ಲಿ ಅವನನ್ನು ಅಡುಗೆಮನೆಗೆ ಹಾಕಿದರು. ಮೂರನೇ ತಿಂಗಳು ಅಕ್ಕ ನೋಡಲು ಬಂದಳು. ಜಾಲರಿಯ ಆಚೆ ಅವಳು, ಈಚೆ ಇವನು. ಬಹಳ ದಿನದಿಂದ ಮನಸ್ಸಿನಲ್ಲಿದ್ದುದನ್ನು ಬೋರಲಿಂಗ ಕೇಳಿದ.

"ಅಕ್ಕಯ್ಯ, ಅವತ್ತು ನಾನು ಎದ್ದು ಹೇಳದೇ ಇದ್ದಿದ್ರೆ ನೀನು ಏನು ಹೇಳ್ತಿದ್ದೆ?"

"ಸುಳ್ಳೇ ಹೇಳ್ತಿದ್ದೆ ಕಣೋ. ಸಾಕಿದ ಕರುಳು, ಇನ್ನೇನು ಹೇಳೀತು?" ಸಿದ್ದಗಂಗಮ್ಮ ಕಣ್ಣೊರೆಸಿಕೊಂಡಳು. "ಆದರೆ ಮನೆಗೆ ಹೋಗಿ ನಿಮ್ಮ ಭಾವನ ಫೋಟೋ ಮುಂದೆ ದೀಪ ಹಚ್ಚೋಕೆ ನನ್ನ ಕೈಲಿ ಆಗ್ತಿರಲಿಲ್ಲ. ಈಗ ದಿನಾ ಹಚ್ತೀನಿ. ಕಟ್ಟಡ ಹೋಯ್ತು ಅಂತ ಒಂದು ದಿನವೂ ಅನ್ನಿಸಿಲ್ಲ."

ಆರು ತಿಂಗಳು ಕಳೆಯಿತು. ಬೋರಲಿಂಗ ಊರಿಗೆ ಬಂದು ಹಳೆಯ ಭಟ್ಟಿಯ ಬೀಗ ತೆಗೆದ. ಬೂದಿ ಬಾಚಿ, ಗುಡಿಸಿ, ಬೆಂಕಿ ಹಾಕಿದ. ಬನ್ನು ಬೆಂದು ಪರಿಮಳ ಬೀದಿಗೆಲ್ಲ ಹರಡಿತು. ಯಾರೂ ಬರಲಿಲ್ಲ. ಎಂಟಾಯಿತು, ಒಂಬತ್ತಾಯಿತು. ಜನ ಬೀದಿಯ ಆ ಬದಿಯಿಂದಲೇ ನೋಡಿಕೊಂಡು ಹೋದರು. ಬೋರಲಿಂಗ ತಲೆ ತಗ್ಗಿಸಿ ತಟ್ಟೆ ಒರೆಸಿದ್ದನ್ನೇ ಒರೆಸುತ್ತಿದ್ದ.

ಹತ್ತು ಗಂಟೆಗೆ ಹೂ ಮಾರುವ ಹನುಮಕ್ಕ ಬುಟ್ಟಿ ಇಳಿಸಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಏನಪ್ಪ ಕೋಟಿ ಸಾಹುಕಾರ, ಈ ಬನ್ನಿಗೆ ಟ್ಯಾಕ್ಸು ಕಟ್ಟಿದೀಯಾ?"

ಬೀದಿಯೆಲ್ಲ ಕಿವಿ ನೆಟ್ಟಗೆ ಮಾಡಿಕೊಂಡಿತು. ಬೋರಲಿಂಗನ ಮುಖ ಕೆಂಪಾಯಿತು. ಆದರೆ ಅವನು ತಲೆಯೆತ್ತಿದ.

"ಕಟ್ಟಬೇಕಾದ್ದೆಲ್ಲ ಕಟ್ಟಿದೀನಿ ಕಣವ್ವ. ರಸೀದಿ ಬೇಕಾ?"

"ರಸೀದಿ ತಿನ್ನೋಕಾಗುತ್ತೇನೋ ಮಂಕೆ? ಬಿಸಿದು ಎರಡು ಕೊಡು!"

ಎದುರಂಗಡಿಯವನು ಮೊದಲು ನಕ್ಕ. ಆಮೇಲೆ ಬೀದಿಯೇ ನಕ್ಕಿತು. ಗಲ್ಲಾದಲ್ಲಿದ್ದ ಸಿದ್ದಗಂಗಮ್ಮನಿಗೆ ನಗು ತಡೆಯಲಾಗದೆ ಸೆರಗು ಬಾಯಿಗೆ ಬಂತು. ಎರಡು ವರ್ಷದ ಮೇಲೆ ಅಕ್ಕ ನಕ್ಕಿದ್ದನ್ನು ಕಂಡು ಬೋರಲಿಂಗನೂ ನಕ್ಕ. ಹನ್ನೊಂದು ಗಂಟೆಯ ಹೊತ್ತಿಗೆ ಬನ್ನು ಖಾಲಿಯಾಗಿತ್ತು.

ನೀತಿ: ಮಕ್ಕಳೇ, ಕಟ್ಟಬೇಕಾದ್ದನ್ನು ಕಟ್ಟಿದರೆ ಕಡಿಮೆಯಾಗುವುದು ದುಡ್ಡು ಮಾತ್ರ. ಬಚ್ಚಿಡಲು ಹೊರಟರೆ ನಮ್ಮನ್ನು ಪ್ರೀತಿಸುವವರ ಬಾಯಲ್ಲೂ ಸುಳ್ಳು ಇಡಬೇಕಾಗುತ್ತದೆ. ತಪ್ಪು ಮಾಡಿದವನು ಅದನ್ನು ತಾನೇ ಹೊರಬೇಕು. ಒಪ್ಪಿಕೊಂಡವನನ್ನು ಊರು ಒಂದಲ್ಲ ಒಂದು ದಿನ ಮತ್ತೆ ಕರೆದುಕೊಳ್ಳುತ್ತದೆ.