ಕಾಣೆನಪ್ಪನ ಗುಡ್ಡ

ತುಂಗಭದ್ರೆಯ ಬಲದಂಡೆಯಲ್ಲಿ ಹೊಳೆಮುತ್ತಿಗಿ ಎಂಬ ಊರಿದೆ. ಊರಿನಿಂದ ಹೊಳೆ ಹರಿಯುವ ದಿಕ್ಕಿನಲ್ಲಿ ಎರಡು ಕೂಗಳತೆ ದೂರ ನಡೆದರೆ ಒಂದು ಬೋಳುಗುಡ್ಡ ಎದುರಾಗುತ್ತದೆ. ಅದರ ಒಂದು ಮಗ್ಗುಲು ಕಡಿದಿಟ್ಟಂತೆ ನೇರವಾಗಿ ನೀರಿಗೆ ಇಳಿದಿದೆ. ಬುಡದಲ್ಲಿ ಬಂಡೆಗಳ ಸಾಲು, ಬಂಡೆಗಳ ನಡುವೆ ಸದಾ ತಿರುಗುವ ಸುಳಿ. ಹುಬ್ಬೆ ಮಳೆಯ ಕೊನೆಯಿಂದ ಉತ್ತರೆ ಮುಗಿಯುವವರೆಗೆ, ಅಂದರೆ ಭಾದ್ರಪದದ ಆಸುಪಾಸಿನಲ್ಲಿ, ಇಲ್ಲಿನ ಹೊಳೆಯ ಮೇಲೆ ಬೆಳಗಿನ ಮಂಜು ಕವಿಯುತ್ತದೆ. ಆಗ ಗುಡ್ಡದ ನೆತ್ತಿಯಲ್ಲಿ ನಿಂತವರಿಗೆ ಬಿಸಿಲೂ ನೀಲಿ ಆಕಾಶವೂ ಕಾಣುತ್ತವೆ. ಕೆಳಗೆ ಊರೂ ಇಲ್ಲ, ಹೊಳೆಯೂ ಇಲ್ಲ, ಹಿಂಜಿದ ಅರಳೆ ಹರವಿದಂಥ ಬಿಳುಪು ಮಾತ್ರ. ಹೊಸಬರು ಇದನ್ನು ನೋಡಿ ಹಿಗ್ಗುತ್ತಾರೆ. ಊರಿನವರು ಹಿಗ್ಗುವುದಿಲ್ಲ. ಅವರ ಬಾಯಲ್ಲಿ ಇದು ಕಾಣೆನಪ್ಪನ ಗುಡ್ಡ; ಕಾಗದಪತ್ರಗಳಲ್ಲಿ ಮಾತ್ರ ಕಾಣಪ್ಪನ ಗುಡ್ಡ ಎಂದು ಬರೆದಿದ್ದಾರೆ. ಆ ಹೆಸರಿನ ದೇವರೊಬ್ಬ ಇದ್ದಿರಬೇಕೆಂದು ಹೊರಗಿನವರ ಎಣಿಕೆ. ಅಂಥ ದೇವರು ಯಾವನೂ ಇಲ್ಲ. ಇದ್ದವನು ಒಬ್ಬ ಕುರಿಗಾರ. ಈ ಊರಿನ ಶಾಲೆಯಲ್ಲಿ ನಾನು ಇಪ್ಪತ್ತೆರಡು ವರ್ಷ ಮೇಷ್ಟರಾಗಿದ್ದೆ. ಈ ಸಂಗತಿಯನ್ನು ಮೂರು ಮನೆಗಳಲ್ಲಿ ಕೇಳಿದ್ದೇನೆ. ಮೂರು ಕಡೆಯೂ ಹೇಳಿದವರು ದನಿ ತಗ್ಗಿಸಿಯೇ ಹೇಳಿದರು.

ಹಿಂದೆ ಒಮ್ಮೆ, ಹೊಳೆಗೆ ಸೇತುವೆ ಇಲ್ಲದ ಕಾಲದಲ್ಲಿ, ಈ ಗುಡ್ಡದ ಮೇಲೆ ಉಜ್ಜಪ್ಪನೆಂಬ ಮುದುಕನ ಕುರಿಹಟ್ಟಿ ಇತ್ತು ಎನ್ನುತ್ತಾರೆ. ಆತ ಹವೆ ನೋಡಿ ಹೇಳುವುದರಲ್ಲಿ ಸುತ್ತಿನ ಏಳು ಹಳ್ಳಿಗೆ ಹೆಸರಾದವನು. ಕುರಿಗಳು ಗಾಳಿಗೆ ಯಾವ ಕಡೆ ಬೆನ್ನು ಕೊಟ್ಟು ಮಲಗಿದವು, ಇರುವೆ ತತ್ತಿ ಹೊತ್ತು ಎತ್ತ ಹೊರಟಿತು, ಚಂದ್ರನ ಸುತ್ತ ಕಟ್ಟಿದ ಬಳೆ ಎಷ್ಟು ಅಗಲ, ಇಷ್ಟನ್ನು ನೋಡಿ ಮಳೆ ಇಂಥ ದಿನ ಎನ್ನುತ್ತಿದ್ದ. ಹೇಳಿದ್ದು ತಪ್ಪುತ್ತಿರಲಿಲ್ಲ. ಬಿತ್ತುವವರು, ರಾಶಿ ಮಾಡುವವರು, ಹೊಳೆ ದಾಟುವವರು ಎಲ್ಲರೂ ಅವನ ಮಾತಿಗೆ ಕಾಯುತ್ತಿದ್ದರು. ಅದಕ್ಕಾಗಿ ಅವನು ಯಾರಿಂದಲೂ ಏನನ್ನೂ ಪಡೆದವನಲ್ಲ. ಹೆಂಡತಿ ತೀರಿಹೋಗಿದ್ದಳು. ಮಾಳವ್ವ ಎಂಬ ಒಬ್ಬಳೇ ಮಗಳನ್ನು ಕಣ್ಣಳತೆಯಲ್ಲಿರಲಿ ಎಂದು ಹೊಳೆಮುತ್ತಿಗಿಗೇ ಕೊಟ್ಟಿದ್ದ. ಗುಡ್ಡದ ಮೇಲಿಂದ ಅವಳ ಮನೆಯ ಹೊಗೆ ಕಂಡರೆ ಮಾತ್ರ ಅವನು ತನ್ನ ರೊಟ್ಟಿ ಮುರಿಯುತ್ತಿದ್ದನಂತೆ.

ಊರಿನ ಎದುರಿಗೆ ಹೊಳೆಯ ನಡುವೆ ಒಂದು ದೊಡ್ಡ ನಡುಗಡ್ಡೆ ಇತ್ತು. ಆ ವರ್ಷ ಅಲ್ಲಿ ಹೆಸರುಕಾಳು ಬೆಳೆದಿತ್ತು. ಹೆಸರಿನ ಕಾಯಿ ಮಾಗಿದ ಮೇಲೆ ಅದನ್ನು ಬೆಳಗಿನ ತಂಪಿನಲ್ಲೇ ಬಿಡಿಸಬೇಕು. ಬಿಸಿಲೇರಿದರೆ ಕೈ ಸೋಕಿದ ಕೂಡಲೇ ಸಿಡಿದು ಕಾಳು ಮಣ್ಣುಪಾಲು. ಮಳೆ ಹಿಡಿದರಂತೂ ಗಿಡದಲ್ಲಿಯೇ ಮೊಳಕೆ. ಹಿಂದಿನ ವರ್ಷವೂ ಹಾಗೆ ಕಳೆದುಕೊಂಡ ಊರು ಅದು. ಆದ್ದರಿಂದ ಆ ದಿನ ನಸುಕಿನಲ್ಲೇ ಇಪ್ಪತ್ತೆರಡು ಹೆಂಗಸರು ಮಡಿಲು ಕಟ್ಟಿಕೊಂಡು ದಂಡೆಗೆ ಬಂದಿದ್ದರು. ಎರಡು ಹರಿಗೋಲು ಸಿದ್ಧವಾಗಿದ್ದವು. ಆದರೆ ಮಂಜು ಇಳಿದಿತ್ತು. ಹರಿಗೋಲು ಹಾಕುವ ಅಂಬಿಗರ ದ್ಯಾಮಣ್ಣ ಹುಟ್ಟು ಹಿಡಿದು ನಿಂತವನು ನೀರಿಗೆ ಇಳಿಯಲು ಒಪ್ಪಲಿಲ್ಲ. ಅಷ್ಟರಲ್ಲಿ ಉಜ್ಜಪ್ಪ ಹಾಲಿನ ಗಡಿಗೆ ಹೊತ್ತು ಗುಡ್ಡ ಇಳಿದು ಬಂದ.

“ಅಜ್ಜಾ, ಕೈ ಚಾಚಿದ್ರ ಬೆರಳು ಕಾಣವಲ್ದು,” ಎಂದ ದ್ಯಾಮಣ್ಣ. “ನೀ ಏನಂತೀ?”

ಉಜ್ಜಪ್ಪ ಗಾಳಿಗೆ ಮುಖವೊಡ್ಡಿದ. ಒಂದು ಹಿಡಿ ಮಣ್ಣು ಎತ್ತಿ ಮೂಸಿ ನೋಡಿದ. “ಹೊತ್ತು ಮಾರುದ್ದ ಏರೂದ್ರಾಗ ಮಂಜು ಹರೀತೈತಿ. ಇವತ್ತು ಮಳಿ ಇಲ್ಲ. ನಾಳೆ ಐತಿ, ದೊಡ್ಡದು ಐತಿ. ಇವತ್ತು ಬಿಟ್ರ ಕಾಯಿ ಕೈಗೆ ಹತ್ತೂದಿಲ್ಲ. ಹೋಗ್ರಿ.”

ಆದರೂ ಹೆಂಗಸರು ಒಬ್ಬರ ಮುಖ ಒಬ್ಬರು ನೋಡುತ್ತ ನಿಂತರು. ಮಾಳವ್ವ ಸೆರಗು ಬಿಗಿದು, “ನಮ್ಮಪ್ಪ ಹೇಳಿದಮ್ಯಾಲೆ ಆತು, ಬರ್ರೇ,” ಎಂದು ದ್ಯಾಮಣ್ಣನ ಹರಿಗೋಲಿಗೆ ಮೊದಲು ಕಾಲಿಟ್ಟಳು. ಅವಳ ಹಿಂದೆ ಹತ್ತು ಮಂದಿ ಹತ್ತಿದರು. ಉಳಿದವರು ಇನ್ನೊಂದನ್ನು ಹತ್ತಿದರು. ಆ ಇನ್ನೊಂದು ಮೊದಲು ಹೊರಟು ಹೇಗೋ ನಡುಗಡ್ಡೆ ಮುಟ್ಟಿತು. ದ್ಯಾಮಣ್ಣನದು ಮುಟ್ಟಲಿಲ್ಲ.

ಉಜ್ಜಪ್ಪ ಗುಡ್ಡ ಹತ್ತಿ ಮಂಜಿನಿಂದ ಹೊರಗೆ ಬಂದಾಗ ಹೊತ್ತು ಮಾರುದ್ದ ಏರಿತ್ತು. ಮೇಲೆ ಚೊಕ್ಕ ಬಿಸಿಲು. ಕೆಳಗಿನ ಬಿಳುಪು ಮಾತ್ರ ಹರಿದಿರಲಿಲ್ಲ. ಇನ್ನೂ ಗಟ್ಟಿಯಾಗಿ ಗುಡ್ಡದ ಸೊಂಟದವರೆಗೆ ಏರಿತ್ತು. ಅದನ್ನು ನೋಡುತ್ತ ನಿಂತವನಿಗೆ ಹೆಂಗಸರ ದನಿ ಕೇಳಿಸಿತು. ನಡುಗಡ್ಡೆಯ ಕಡೆಯಿಂದಲ್ಲ, ಈಚೆಯಿಂದ. ದಿಕ್ಕು ತಪ್ಪಿದ ಹರಿಗೋಲು ಹರಿವಿಗೆ ಸಿಕ್ಕು ಕೆಳಕ್ಕೆ ಜಾರುತ್ತಿತ್ತು. ಉಜ್ಜಪ್ಪ ಅಂಚಿಗೆ ಓಡಿ, ಎರಡು ಕೈಯನ್ನೂ ಬಾಯಿಗೆ ಹಿಡಿದು, “ಇತ್ತಾಗ ಬರಬ್ಯಾಡ್ರೋ! ಇಲ್ಲಿ ಬಂಡೆಗಲ್ಲು ಅದಾವು, ಸುಳಿ ಐತಿ!” ಎಂದು ಕೂಗಿದ. ಮತ್ತೆ ಕೂಗಿದ. ಮಂಜಿನಲ್ಲಿ ದೂರಕ್ಕೆ ಮಾತು ಉಳಿಯುವುದಿಲ್ಲ, ದನಿಯಷ್ಟೇ ತಲುಪುತ್ತದೆ ಎನ್ನುತ್ತಾರೆ ಅಂಬಿಗರು. ಹರಿಗೋಲಿನವರಿಗೆ ಕೇಳಿಸಿದ್ದು ಮನುಷ್ಯರ ದನಿ; ಮನುಷ್ಯರ ದನಿ ಇದ್ದಲ್ಲಿ ದಂಡೆ. ದ್ಯಾಮಣ್ಣ ಆ ಕಡೆಗೇ ಹುಟ್ಟು ಹಾಕತೊಡಗಿದ. ನೀರಿಗೆ ಹುಟ್ಟು ಬೀಳುವ ಸಪ್ಪಳ ಹತ್ತಿರವಾಗುತ್ತ ಬಂದಾಗ ಉಜ್ಜಪ್ಪನಿಗೆ ತಾನು ಮಾಡುತ್ತಿರುವುದೇನೆಂದು ಹೊಳೆಯಿತು.

ಆತ ಕಂಬಳಿಯ ಚುಂಗನ್ನು ಬಾಯಿಗೆ ತುರುಕಿಕೊಂಡು ಕುಳಿತುಬಿಟ್ಟ. ಊರಿನ ದಂಡೆಯಲ್ಲಿ ಯಾರೋ ಹಲಗೆ ಬಾರಿಸತೊಡಗಿದ್ದರು. ತಾನು ಸುಮ್ಮನಾದರೆ ಅವರಿಗೆ ಹಲಗೆ ಕೇಳಿಸೀತು, ಅತ್ತ ತಿರುಗಿಯಾರು ಎಂಬುದು ಅವನ ಆಸೆ. ಹರಿಗೋಲು ನಿಂತಂತಾಯಿತು. ಆಮೇಲೆ ಮಗಳ ದನಿ, ಪಕ್ಕದಲ್ಲೇ ನಿಂತು ಮಾತಾಡಿದಷ್ಟು ಸ್ಪಷ್ಟವಾಗಿ, ಮೇಲೆ ಬಂತು.

“ಅಪ್ಪಾ, ನೀನೇ ಅಲ್ಲೇನು? ಇನ್ನೊಂದು ಸಲ ಕೂಗಪ್ಪಾ. ದಿಕ್ಕು ತಿಳೀವಲ್ದು.”

ಉಜ್ಜಪ್ಪ ಕೂಗಲಿಲ್ಲ. ಅವಳು ಮೂರು ಸಲ ಕರೆದಳು ಎಂದು ಕೆಲವರು, ಹೊತ್ತು ನೆತ್ತಿಗೆ ಬರುವವರೆಗೂ ಕರೆದಳು ಎಂದು ಕೆಲವರು. ಮೂರನೆಯ ಮನೆಯವರು ಎಷ್ಟು ಸಲ ಎಂದು ನನಗೆ ಹೇಳಲಿಲ್ಲ. ಕೊನೆಗೆ ಬಿದಿರು ಮುರಿದ ಸಪ್ಪಳ ಕೇಳಿತು. ಹಲಗೆಯವನು ಬಹಳ ಹೊತ್ತು ಬಾರಿಸುತ್ತಲೇ ಇದ್ದ.

ಮಂಜು ಹರಿದದ್ದು ಮಧ್ಯಾಹ್ನಕ್ಕೆ. ಎರಡು ಬಂಡೆಗಳ ನಡುವೆ ಹರಿಗೋಲಿನ ಅರ್ಧ ಬುಟ್ಟಿ ಸಿಕ್ಕಿಕೊಂಡಿತ್ತು. ಹನ್ನೊಂದು ಹೆಂಗಸರಲ್ಲಿ ಆರು ಮಂದಿಯ ದೇಹ ಸಿಕ್ಕಿತು. ಮಾಳವ್ವನದು ಸಿಗಲಿಲ್ಲ, ದ್ಯಾಮಣ್ಣನದೂ ಸಿಗಲಿಲ್ಲ. ಮರುದಿನ ಉಜ್ಜಪ್ಪ ಹೇಳಿದಂತೆಯೇ ಮಳೆ ಬಂತು, ದೊಡ್ಡ ಮಳೆಯೇ ಬಂತು. ಯಾರೂ ಬಿಡಿಸದೆ ಬಿಟ್ಟ ನಡುಗಡ್ಡೆಯ ಹೆಸರು ಗಿಡದಲ್ಲಿಯೇ ಮೊಳೆಯಿತು.

ಗುಡ್ಡದ ಮೇಲೆ ನಡೆದದ್ದನ್ನು ಉಜ್ಜಪ್ಪ ತಾನೇ ಊರಿಗೆ ಹೇಳಿದ್ದ. ಊರು ಅವನನ್ನು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತೇನೋ. ಒಂಬತ್ತನೆಯ ದಿನ ದ್ಯಾಮಣ್ಣನ ಹೆಂಡತಿ ತಿಪ್ಪವ್ವ ಒಬ್ಬಳೇ ಗುಡ್ಡ ಹತ್ತಿದಳು. ಉಜ್ಜಪ್ಪ ಅಂಚಿನಲ್ಲಿ ಕುಳಿತಿದ್ದ. ಅವಳು ಅವನೆದುರು ನಿಂತು, “ಅಜ್ಜಾ, ಒಂದ ಮಾತು ಕೇಳಾಕ ಬಂದೀನಿ. ಅವರು ಹೋಗಿದ್ದು ನೀ ಕೂಗಿದ್ದಕ್ಕೋ, ಕೂಗೂದು ಬಿಟ್ಟಿದ್ದಕ್ಕೋ?” ಎಂದಳು.

ಮುದುಕ “ಕಾಣೆನವ್ವಾ,” ಎಂದ. “ನಾ ಕಾಣೆ.”

ತಿಪ್ಪವ್ವ ಅಳಲಿಲ್ಲ, ಶಾಪ ಹಾಕಲಿಲ್ಲ. ಅವನಿಂದ ಒಂದು ಮೊಳ ದೂರದಲ್ಲಿ ಕುಳಿತು, ಹೊತ್ತು ಇಳಿಯುವವರೆಗೂ ಹೊಳೆ ನೋಡಿ, ಎದ್ದು ಹೋದಳು.

ಅಂದಿನಿಂದ ಅವನ ಬಾಯಲ್ಲಿ ಬೇರೆ ಮಾತಿಲ್ಲವಾಯಿತು. ಏಳು ಹಳ್ಳಿಯವರು ರೂಢಿ ಬಿಡಲಾರದೆ ಬರುತ್ತಲೇ ಇದ್ದರು. “ಅಜ್ಜಾ, ಬಿತ್ತಬೋದೇನು?” “ಕಾಣೆನಪ್ಪಾ.” “ಕಣ ಮಾಡಿದ್ರ ಮಳಿ ಬಂದೀತೇನು?” “ಕಾಣೆನಪ್ಪಾ.” ಇರುವೆ ತತ್ತಿ ಹೊತ್ತು ಸಾಗುವುದು ಅವನ ಕಣ್ಣಿಗೆ ಬೀಳುತ್ತಿತ್ತು, ಚಂದ್ರನ ಬಳೆಯೂ ಬೀಳುತ್ತಿತ್ತು, ನೋಡಿದರೂ ಮುಖ ತಿರುಗಿಸುತ್ತಿದ್ದನಂತೆ. ಬಂದವರು ಬರಿಗೈಯಲ್ಲಿ ಇಳಿದು ಹೋಗುವರು. ಎಲ್ಲಿಗೆ ಹೋಗಿದ್ದೆ ಎಂದು ದಾರಿಯಲ್ಲಿ ಯಾರಾದರೂ ಕೇಳಿದರೆ, ಕಾಣೆನಪ್ಪನ ಹತ್ತಿರ ಎನ್ನುವರು. ಹೀಗೆ ಉಜ್ಜಪ್ಪ ಎಂಬ ಹೆಸರು ಅವನು ಬದುಕಿರುವಾಗಲೇ ಅಳಿಯಿತು. ಐದಾರು ವರ್ಷದ ಮೇಲೆ, ಒಂದು ಮಂಜಿನ ಬೆಳಿಗ್ಗೆ, ಕುರಿಗಳು ತಾವೇ ಊರಿಗೆ ಇಳಿದು ಬಂದವು. ಜನ ಮೇಲೆ ಹೋಗಿ ನೋಡಿದರೆ ಅವನು ಕುಳಿತಲ್ಲೇ ತಣ್ಣಗಾಗಿದ್ದ. ಗುಡ್ಡಕ್ಕೆ ಅವನ ಹೆಸರೇ ನಿಂತಿತು ಎನ್ನುತ್ತಾರೆ.

ಈಗ ಅಲ್ಲಿ ಹೋದರೆ ಅಂಚಿನಿಂದ ನಾಲ್ಕು ಹೆಜ್ಜೆ ಒಳಗೆ ಮೊಣಕಾಲೆತ್ತರದ ಒಂದು ಕರಿಕಲ್ಲು ಕಾಣುತ್ತದೆ. ಅದಕ್ಕೆ ಕಣ್ಣು ಮೂಗು ಕೊರೆದಿಲ್ಲ, ಕುಂಕುಮವಿಲ್ಲ, ಗುಡಿಯಿಲ್ಲ. ಹೊಳೆಗೆ ಸೇತುವೆಯಾಗಿದೆ, ಹವಾಮಾನದ ಮುನ್ಸೂಚನೆ ಎಲ್ಲರ ಮೊಬೈಲಿಗೂ ಬರುತ್ತದೆ, ‘ಮುಂಜಾನೆ ಅಲ್ಲಲ್ಲಿ ಮಂಜು, ಬಳಿಕ ಒಣ ಹವೆ’ ಎಂದು. ಆದರೂ ಭಾದ್ರಪದದಲ್ಲಿ ಕಾಯಿ ಬಿಡಿಸಲು ಹೊರಟ ಹೆಂಗಸರು, ಮಂಜು ಬಿದ್ದ ದಿನ, ಮೊದಲು ಈ ಗುಡ್ಡ ಹತ್ತುತ್ತಾರೆ. ಕಲ್ಲಿನ ಸುತ್ತ ಕುಳಿತು ಕೆಳಗಿನ ಬಿಳುಪನ್ನು ನೋಡುತ್ತಾರೆ. ಪಟ ತೆಗೆಯಲು ಬಂದ ಹುಡುಗರು ಹುಮ್ಮಸ್ಸಿನಿಂದ ಕೂಗು ಹಾಕಿದರೆ ಅವರಲ್ಲಿ ಹಿರಿಯಳೊಬ್ಬಳು ತುಟಿಯ ಮೇಲೆ ಬೆರಳಿಟ್ಟು ತೋರಿಸುತ್ತಾಳೆ, ಅಷ್ಟೇ. ಯಾಕೆಂದು ವಿವರಿಸುವುದಿಲ್ಲ. ಮಂಜು ಯಾವಾಗ ಹರಿದೀತು ಎಂದು ಅಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ.